ಪದಚರ್ಚೆ: ಸೈಕ್ಲೋಸ್ಟೈಲ್ ಆದ ಕವಿತೆಯನ್ನು ‘ಅಚ್ಚಾಗಿದೆ’ ಅನ್ನಬಹುದಾ?

ನಮಸ್ಕಾರ.

ಸೈಕ್ಲೋಸ್ಟೈಲ್ ಯಂತ್ರದಲ್ಲಿ (ಹಿಡಿ ತಿರುಗಿಸಿ ಒಂದೇ ಪುಟದ ಹಲವು ಹಾಳೆ ತೆಗೆಯುವ ಯಂತ್ರ) ಹೊರಬಂದ ಹಳೆಯ ಕವಿತಾ ಪತ್ರಿಕೆಗಳನ್ನೂ ಪುಟ್ಟ ಸಂಕಲನಗಳನ್ನೂ ನಾನು ಕೂಡಿಡುತ್ತಾ ಬಂದಿದ್ದೇನೆ. ಈಗ ಅವುಗಳಿಗೆ ಕನ್ನಡದಲ್ಲೇ ಒಂದು ವಿವರಪಟ್ಟಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಒಂದು ಪದ ಬೇಕಾಗಿದೆ. ಹೀಗೆ ಬಂದ ಕವಿತೆ ‘ಅಚ್ಚಾಗಿದೆ’ ಅಂತ ಬರೆಯಬಹುದಾ? ಇಲ್ಲ, ‘ಸೈಕ್ಲೋಸ್ಟೈಲ್ ಪ್ರತಿ’ ಅಂತಷ್ಟೇ ಬರೆದು ಬಿಡಬೇಕಾ?

ಸುಮ್ನೆ ಪ್ರತಿ ಅಂದುಬಿಟ್ಟರೆ ನನಗೆ ಸಮಾಧಾನವಿಲ್ಲ. ‘ಪ್ರತಿ’ ಅಂದ ಕೂಡಲೇ ಬೇರೆಲ್ಲೋ ಒಂದು ಮೂಲ ಇದೆ, ಇದು ಅದರ ನಕಲು ಅನಿಸುತ್ತದೆ. ಕಚೇರಿಯ ಸುತ್ತೋಲೆಯ ಸಾಲಿಗೆ ಇದೂ ಸೇರಿಬಿಡುತ್ತದೆ. ಆದರೆ ಈ ಪತ್ರಿಕೆಗಳಿಗೆ ಬೇರೆ ಮೂಲ ಅನ್ನುವುದೇ ಇಲ್ಲ. ಕವಿಗಳಾದ ಅರುಣ್ ಕೊಲಟ್ಕರ್, ದಿಲೀಪ್ ಚಿತ್ರೆ, ರಮೇಶ್ ಸಮರ್ಥ್ ಸೇರಿ 1954ರಲ್ಲಿ ಮುಂಬಯಿಯಲ್ಲಿ ಶುರುಮಾಡಿದ ಮರಾಠಿಯ ‘ಶಬ್ದ’ ಓದುಗರ ಕೈಗೆ ಬಂದದ್ದೇ ಸೈಕ್ಲೋಸ್ಟೈಲ್ ಹಾಳೆಗಳಲ್ಲಿ. 1965ರಲ್ಲಿ ಅಲಹಾಬಾದಿನಲ್ಲಿ ಅರವಿಂದ ಕೃಷ್ಣ ಮೆಹ್ರೋತ್ರಾ, ಅಮಿತ್ ರಾಯ್, ಅಲೋಕ್ ರಾಯ್ ತಂದ ‘ಡ್ಯಾಮ್ ಯೂ’ ಕೂಡ ಹಾಗೇ. ನ್ಯೂಯಾರ್ಕಿನಲ್ಲಿ ಎಡ್ ಸ್ಯಾಂಡರ್ಸ್ 1962ರಿಂದ ಒಂದು ಪತ್ರಿಕೆ ತರುತ್ತಿದ್ದರು. ಅದರ ಹೆಸರೇ ಒಂದು ಬೈಗುಳ. ಅಲಹಾಬಾದಿನ ಹುಡುಗರು ಆ ಹೆಸರನ್ನೇ ಕೊಂಚ ಮೆತ್ತಗೆ ಮಾಡಿಕೊಂಡರು. ಆಗ ಮೆಹ್ರೋತ್ರಾಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅವರ ಕೈಯಲ್ಲಿ ಪ್ರೆಸ್ ಇರಲಿಲ್ಲ, ಪ್ರಕಾಶಕರೂ ಇರಲಿಲ್ಲ. ಆ ಹಾಳೆಗಳೇ ಪ್ರಕಟಣೆ. ಅವನ್ನು ನಕಲು ಅಂದರೆ ಅನ್ಯಾಯ ಅಲ್ವಾ?

‘ಅಚ್ಚು’ ಬೇಡ ಅನ್ನುವವರ ವಾದ ನನಗೆ ಗೊತ್ತು. ಅಚ್ಚು ಅಂದರೆ ಮೊಳೆ, ಅಂದರೆ ಒಂದೊಂದು ಅಕ್ಷರದ ಲೋಹದ ತುಂಡು, ಇರಬೇಕು, ಮೊಳೆ ಜೋಡಿಸಬೇಕು, ಮಸಿ ಹಚ್ಚಿ ಒತ್ತಬೇಕು. ಸೈಕ್ಲೋಸ್ಟೈಲಿನಲ್ಲಿ ಮೊಳೆ ಇಲ್ಲ. ಸ್ಟೆನ್ಸಿಲ್ ಅನ್ನುವ, ಮೇಣದ ಲೇಪ ಇರುವ ತೆಳು ಹಾಳೆಯನ್ನು ಟೈಪ್‌ರೈಟರಿಗೆ ಹಾಕಿ, ರಿಬ್ಬನ್ ತಪ್ಪಿಸಿ ಹೊಡೆಯುತ್ತಿದ್ದರು. ಅಕ್ಷರ ಬಿದ್ದ ಕಡೆ ಲೇಪ ಹರಿದು ದಾರಿ ಆಗುತ್ತದೆ. ಹಾಳೆಯನ್ನು ಉರುಳೆಗೆ ಸುತ್ತಿ ತಿರುಗಿಸಿದರೆ ಒಳಗಿನ ಮಸಿ ಆ ದಾರಿಯಿಂದ ಜಿನುಗಿ ಕಾಗದಕ್ಕೆ ಇಳಿಯುತ್ತದೆ.

ಆದರೆ ಮೊಳೆ ಇಲ್ಲ ಅನ್ನುವ ಕಾರಣ ಸಾಲದು. ಕಲ್ಲಚ್ಚಿನಲ್ಲಿ ಮೊಳೆ ಎಲ್ಲಿದೆ? ಪದದಲ್ಲೇ ‘ಅಚ್ಚು’ ಇದೆ. ಆಫ್‌ಸೆಟ್ಟಿನಲ್ಲೂ ಮೊಳೆ ಇಲ್ಲ, ಆದರೂ ಪುಸ್ತಕ ಅಚ್ಚಾಯಿತು ಅಂತಲೇ ಎಲ್ಲರೂ ಹೇಳುತ್ತೇವೆ. ಇನ್ನು ಜಿನುಗುವುದರ ಮಾತು. ಅಂಗಡಿಯಲ್ಲಿ ಸಿಗುವ ತೂತಿನ ತಟ್ಟೆಯನ್ನು ನಾವು ‘ರಂಗೋಲಿ ಅಚ್ಚು’ ಅನ್ನುತ್ತೇವೆ. ಅಲ್ಲಿ ಯಾರೂ ಏನನ್ನೂ ಒತ್ತುವುದಿಲ್ಲ. ಪುಡಿ ತೂತಿನಿಂದ ಇಳಿದು ನೆಲದ ಮೇಲೆ ಚಿತ್ತಾರ ಮೂಡುತ್ತದೆ. ಸೈಕ್ಲೋಸ್ಟೈಲಿನ ಕೆಲಸವೂ ಇದೇ. ಅಂದರೆ ಕನ್ನಡ ಈ ಅರ್ಥಕ್ಕೆ ಯಾವತ್ತೋ ಜಾಗ ಕೊಟ್ಟಿದೆ.

ಕಾನೂನಿನ ಸಾಕ್ಷಿಯೂ ಇದೆ. ನಮ್ಮ ದೇಶದ 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ತಿದ್ದುಪಡಿಯಾದ ಪಾಠದಲ್ಲಿ, ಮುದ್ರಣ ಅಂದರೆ ಸೈಕ್ಲೋಸ್ಟೈಲ್ ಮತ್ತು ಕಲ್ಲಚ್ಚು ಕೂಡ ಸೇರಿದೆ ಅಂತ ವ್ಯಾಖ್ಯೆ ಇತ್ತು. ಸರ್ಕಾರ ಇದನ್ನು ಮುದ್ರಣ ಅಂತ ಒಪ್ಪಿದ ಮೇಲೆ ಸಾಹಿತ್ಯದವರು ಹಿಂಜರಿಯುವುದು ಯಾಕೆ? ನನ್ನ ಪಟ್ಟಿಯಲ್ಲಿ ‘ಸೈಕ್ಲೋಸ್ಟೈಲ್ ಅಚ್ಚು’ ಅಂತಲೇ ಬರೆಯಬೇಕು ಅಂತಿದ್ದೇನೆ. ‘ಪ್ರತಿ’ಯನ್ನು ಎಷ್ಟು ಪ್ರತಿ ಅನ್ನುವ ಲೆಕ್ಕಕ್ಕೆ ಮಾತ್ರ ಉಳಿಸಿಕೊಳ್ಳುತ್ತೇನೆ.

ಅಮೆರಿಕದವಕ್ಕೆ ‘ಮಿಮಿಯೋಗ್ರಾಫ್’ ಅಂತ ಬೇರೆ ಪದ ಬೇಕಾ ಅಂತ ಒಬ್ಬ ಗೆಳೆಯರು ಕೇಳಿದರು. ಬೇಡ ಅಂತ ನನ್ನ ಅಭಿಪ್ರಾಯ. ಅದು ಶಿಕಾಗೋದ ಎ.ಬಿ. ಡಿಕ್ ಕಂಪನಿ ಎಡಿಸನ್ನರ ಪೇಟೆಂಟ್ ಹಿಡಿದು 1887ರಲ್ಲಿ ಮಾರುಕಟ್ಟೆಗೆ ತಂದ ಸರಕಿನ ಹೆಸರು. ಲಂಡನ್ನಿನ ಗೆಸ್ಟೆಟ್ನರ್ 1880ರ ದಶಕದಲ್ಲಿ ಮಾಡಿದ, ತುದಿಯಲ್ಲಿ ಪುಟ್ಟ ಹಲ್ಲುಚಕ್ರ ಇದ್ದ ಲೇಖನಿಯ ಹೆಸರು ಸೈಕ್ಲೋಸ್ಟೈಲ್. ಅಲ್ಲಿ ಒಂದು ಹೆಸರು ಎಲ್ಲ ಯಂತ್ರಗಳಿಗೂ ಅಂಟಿತು, ಇಲ್ಲಿ ಇನ್ನೊಂದು. ಎಡ್ ಸ್ಯಾಂಡರ್ಸ್ ಬಳಸಿದ್ದೂ ಡಿಕ್ ಕಂಪನಿಯದ್ದಲ್ಲ, ಸ್ಪೀಡ್-ಓ-ಪ್ರಿಂಟ್ ಅನ್ನುವ ಬೇರೆ ಯಂತ್ರ. ಸ್ಪಿರಿಟ್ ಡುಪ್ಲಿಕೇಟರ್ ಅನ್ನುವ ಬೇರೆ ಬಗೆಯ ಯಂತ್ರದಿಂದ ಬಂದ ನೇರಳೆ ಬಣ್ಣದ ಹಾಳೆಗಳನ್ನು ಮಾತ್ರ ಬೇರೆ ಇಡಬೇಕು. ಅಲ್ಲಿ ಸ್ಟೆನ್ಸಿಲ್ ಇರುವುದಿಲ್ಲ.

ಕ್ರಿಯಾಪದದ್ದು ಇನ್ನೊಂದು ಪ್ರಶ್ನೆ. ಟೈಪ್ ಮಾಡುವವರು ‘ಸ್ಟೆನ್ಸಿಲ್ ಕಟ್ ಮಾಡು’ ಅನ್ನುತ್ತಿದ್ದರು. ಬರವಣಿಗೆಯಲ್ಲಿ ‘ಕತ್ತರಿಸು’ ಅಂದರೆ ಕತ್ತರಿ ಹಿಡಿದ ಹಾಗೆ ಕೇಳುತ್ತದೆ. ‘ಕೊರೆ’ ಹೆಚ್ಚು ಒಪ್ಪುತ್ತದೆ ಅನಿಸುತ್ತದೆ. ಓಲೆಗರಿಯ ಮೇಲೆ ಕಂಟ ಅನ್ನುವ ಮೊನೆಯ ಲೇಖನಿಯಿಂದ ಬರೆಯುವುದಕ್ಕೂ ‘ಕೊರೆ’ ಅಂತಲೇ ಹೇಳುತ್ತೇವೆ. ಅಲ್ಲೂ ಮೊದಲು ಅಕ್ಷರ ಕೊರೆದು ಮಸಿ ತುಂಬುವುದು ಆಮೇಲೆ. ಸ್ಟೆನ್ಸಿಲ್ಲಿನ ಮೇಲೆ ಮೊನೆಯ ಕಡ್ಡಿ ಹಿಡಿದು ಕೈಯಲ್ಲಿ ಬರೆದ ಪುಟಗಳಿಗಂತೂ ಇದು ಹೇಳಿ ಮಾಡಿಸಿದ ಪದ.

ಕೊರೆಯುವಾಗ ಆಗುವ ಒಂದು ದೋಷಕ್ಕೂ ಹೆಸರು ಹುಡುಕುತ್ತಿದ್ದೇನೆ. ಇಂಗ್ಲಿಷ್ ಪುಟ ತೆಗೆದು ‘ಓ’ ಅಕ್ಷರ ನೋಡಿ. ಕೀಲಿ ಜೋರಾಗಿ ಬಿದ್ದರೆ ನಡುವಿನ ಬಿಲ್ಲೆ ಕಿತ್ತುಬಂದು, ಉಂಗುರದ ಬದಲು ಕಪ್ಪು ಬೊಟ್ಟು ಮೂಡುತ್ತದೆ. ಅದೇ ಸ್ಟೆನ್ಸಿಲ್ಲಿನಿಂದ ಆಮೇಲೆ ಬಂದ ಎಲ್ಲ ಹಾಳೆಗಳಲ್ಲೂ ಬೊಟ್ಟು ಅದೇ ಜಾಗದಲ್ಲಿರುತ್ತದೆ. ಎರಡು ಹಾಳೆ ಒಂದೇ ಸ್ಟೆನ್ಸಿಲ್ಲಿನವಾ, ಬೇರೆ ಬೇರೆಯಾ ಅಂತ ಹೋಲಿಸಲು ನನಗೆ ಇದಕ್ಕಿಂತ ಒಳ್ಳೆಯ ಗುರುತು ಸಿಕ್ಕಿಲ್ಲ. ಕನ್ನಡದಲ್ಲಿ ಅನುಸ್ವಾರಕ್ಕೂ ಇದೇ ಗತಿ. ಅದಕ್ಕೇ ‘ಸೊನ್ನೆ ತುಂಬಿದೆ’ ಅಂತ ಗುರುತು ಹಾಕುತ್ತಿದ್ದೇನೆ. ಹಳಬರು ಬಳಸುತ್ತಿದ್ದ ಪದ ಬೇರೆ ಇದ್ದರೆ ಅದನ್ನೇ ಹಾಕುತ್ತೇನೆ.

ಕೊನೆಯದು, ಇಂಥ ಪತ್ರಿಕೆಯ ಜಾತಿಗೆ ಏನನ್ನೋಣ? ಬಂಗಾಳಿಯವರು ‘ಲಿಟಲ್ ಮ್ಯಾಗಝೀನ್’ ಅಂತಲೇ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ‘ಕಿರುಪತ್ರಿಕೆ’ ಇದೆ, ಆದರೆ ಅದು ಗಾತ್ರವನ್ನಷ್ಟೇ ಹೇಳುತ್ತದೆ. ಈ ಪತ್ರಿಕೆಗಳಲ್ಲಿ ಎಷ್ಟೋ ಫುಲ್‌ಸ್ಕೇಪ್ ಅಳತೆಯವು, ಎಡಕ್ಕೆ ಪಿನ್ನು ಹೊಡೆದವು. ಮರಾಠಿಯಲ್ಲಿ ‘ಅನಿಯತಕಾಲಿಕ’ ಅನ್ನುತ್ತಾರೆ. ದುಡ್ಡು, ಕಾಗದ, ಗೆಳೆಯರು ಕೂಡಿಬಂದಾಗ ಒಂದು ಸಂಚಿಕೆ, ಇಲ್ಲದಿದ್ದರೆ ಇಲ್ಲ. ನಿಯತಕಾಲಿಕ ನಮಗೆ ಗೊತ್ತಿರುವ ಪದವೇ, ಹಾಗಾಗಿ ಇದನ್ನು ಬಿಡಿಸಿ ಹೇಳುವ ಅಗತ್ಯವೂ ಇಲ್ಲ. ನನಗೆ ಇದು ತುಂಬ ಇಷ್ಟ. ಕನ್ನಡದಲ್ಲಿ ಯಾರಾದರೂ ಬಳಸಿದ್ದನ್ನು ಓದಿದ್ದೀರಾ?

ಕಾಲೇಜಿನಲ್ಲೋ ಕಚೇರಿಯಲ್ಲೋ ಸಂಘಟನೆಯಲ್ಲೋ ಈ ಯಂತ್ರದ ಹಿಡಿ ತಿರುಗಿಸಿದವರು ಇಲ್ಲಿದ್ದರೆ ದಯವಿಟ್ಟು ಬರೆಯಿರಿ. ನಿಘಂಟಿನ ಪದಕ್ಕಿಂತ, ಆಗ ನಿಮ್ಮ ಬಾಯಲ್ಲಿ ಏನಿತ್ತು ಅನ್ನುವುದೇ ನನಗೆ ಜಾಸ್ತಿ ಬೇಕು. ‘ಸೈಕ್ಲೋಸ್ಟೈಲ್ ಮಾಡಿಸು’ ಅನ್ನುತ್ತಿದ್ದಿರಾ, ‘ತೆಗೆಸು’ ಅನ್ನುತ್ತಿದ್ದಿರಾ, ‘ಹೊಡೆಸು’ ಅನ್ನುತ್ತಿದ್ದಿರಾ? ಯಾವ ಊರು, ಯಾವ ಕಾಲ ಅಂತಲೂ ಒಂದು ಮಾತು ಸೇರಿಸಿ.