ಡೆಬಿಯನ್ 13ರಲ್ಲಿ ಐ386 ಯಾಕೆ ತೆಗೆದ್ರು? ಇದನ್ನ ಡಿಸೈಡ್ ಮಾಡೋರು ಯಾರು?

ಶಿರಾಗೇಟ್_ಹುಡ್ಗ:
ಎಲ್ರಿಗೂ ನಮಸ್ಕಾರ. ತುಮಕೂರು ಹತ್ರ ಒಂದು ಹೈಸ್ಕೂಲ್ ಲ್ಯಾಬ್ ನೋಡ್ಕೊಳ್ತಿದೀನಿ, ಸಂಬಳಕ್ಕಲ್ಲ, ಬಿಡುವಿದ್ದಾಗ ಹೋಗಿ ಬರ್ತೀನಿ ಅಷ್ಟೆ. ದಾನಕ್ಕೆ ಬಂದಿರೋ ಹಳೇ ಡೆಸ್ಕ್‌ಟಾಪ್‌ಗಳು, ಜೊತೆಗೆ ಆಟಮ್ ಎನ್270 ಪ್ರೊಸೆಸರ್ ಇರೋ ಪುಟಾಣಿ ನೆಟ್‌ಬುಕ್‌ಗಳು. ಎಲ್ಲದ್ರಲ್ಲೂ ಡೆಬಿಯನ್ ಲಿನಕ್ಸ್ 12, ಐ386 (ಅಂದ್ರೆ 32 ಬಿಟ್ ಪಿಸಿಗಳ ಆವೃತ್ತಿ) ಐತೆ, ಮಕ್ಳು ಟಕ್ಸ್ ಪೇಂಟು ಲಿಬ್ರೆ ಆಫೀಸು ಕನ್ನಡ ಟೈಪಿಂಗು ಅಂತ ಆರಾಮಾಗಿ ಓಡಿಸ್ತಾವೆ. ಈಗ 13ಕ್ಕೆ ಹೋಗಣ ಅಂತ ಡೌನ್‌ಲೋಡ್ ಪೇಜ್ ತೆಗೆದ್ರೆ ಐ386 ಇನ್‌ಸ್ಟಾಲರ್ರೇ ಇಲ್ಲ. ಅಲ್ಲ ಗುರು, ಅದೇ ರಿಲೀಸಲ್ಲಿ ರಿಸ್ಕ್-ವಿ ಅನ್ನೋ ಬೇರೆ ಥರದ ಪ್ರೊಸೆಸರ್ ಹೊಸ್ದಾಗಿ ಸೇರಿಸವ್ರೆ, ನಮ್ಮ ಜಿಲ್ಲೇಲಿ ಅದ್ರ ಬೋರ್ಡ್ ಕಣ್ಣಲ್ಲಿ ಕಂಡೋರು ಎಷ್ಟು ಜನ ಇದಾರೆ? ಯಾವ ಪ್ರೊಸೆಸರ್ ಇರ್ಬೇಕು ಯಾವ್ದು ಹೋಗ್ಬೇಕು ಅಂತ ಯಾರು ಯಾವ ಲೆಕ್ಕದಲ್ಲಿ ತೀರ್ಮಾನ ಮಾಡ್ತಾರೆ? ಪಿಟಿಷನ್ ಗಿಟಿಷನ್ ಹಾಕಿದ್ರೆ ಏನಾದ್ರೂ ಆಗತ್ತಾ?

ಕೋಲಾರ್_ಕರ್ನಲ್:
ಪಿಟಿಷನ್‌ಗೆ ಬಗ್ಗೋ ವಿಷ್ಯ ಅಲ್ಲ ಇದು. ಪ್ರತಿ ರಿಲೀಸ್ ಮುಂಚೆ ರಿಲೀಸ್ ಟೀಮ್‌ನೋರು ಒಂದೊಂದೇ ಆರ್ಕಿಟೆಕ್ಚರ್ (ಪ್ರೊಸೆಸರ್ ಜಾತಿ) ಇಟ್ಕೊಂಡು ಕ್ವಾಲಿಫೈ ಆಗತ್ತಾ ಅಂತ ನೋಡ್ತಾರೆ. ಹಾರ್ಡ್‌ವೇರು ಮಾರ್ಕೆಟಲ್ಲಿ ಸಿಗತ್ತಾ, ಸೋರ್ಸ್ ಕೋಡಿಂದ ಪ್ಯಾಕೇಜ್ ಬಿಲ್ಡ್ ಮಾಡೋ ಮಷೀನ್‌ಗಳು ಸಾಕಷ್ಟಿದಾವಾ, ಒಂದು ಕೆಟ್ರೆ ಇನ್ನೊಂದು ಐತಾ, ಡೆವಲಪರ್‌ಗಳು ಲಾಗಿನ್ ಆಗಿ ಡೀಬಗ್ ಮಾಡಕ್ಕೆ ಒಂದು ಪೋರ್ಟರ್ ಬಾಕ್ಸ್ ಐತಾ, ಜಿಸಿಸಿ ಕಂಪೈಲರ್, ಜಿಲಿಬ್‌ಸಿ ಲೈಬ್ರರಿ, ಕರ್ನಲ್ ಬರೆಯೋರು ಮೇಲಿಂದ ಇನ್ನೂ ಸಪೋರ್ಟ್ ಕೊಡ್ತಿದಾರಾ, ಸೆಕ್ಯೂರಿಟಿ ಟೀಮ್‌ಗೆ ತಕರಾರಿಲ್ವಾ, ಇದೆಲ್ಲದಕ್ಕಿಂತ ಮುಖ್ಯವಾಗಿ ನಾನ್ ನೋಡ್ಕೋತೀನಿ ಅಂತ ಹೆಸರು ಕೊಟ್ಟು ನಿಲ್ಲೋ ಪೋರ್ಟರ್‌ಗಳು ಇದಾರಾ. ಎಷ್ಟು ಜನ ಬಳಸ್ತಾರೆ ಅನ್ನೋದು ಇದ್ರಲ್ಲಿ ಎಲ್ಲೋ ಮೂಲೇಲಿ ಬರತ್ತೆ.

ಇಷ್ಟು ಕಟ್ಟುನಿಟ್ಟು ಯಾಕಪ್ಪಾ ಅಂದ್ರೆ, ಒಂದು ಪ್ಯಾಕೇಜು ಅನ್‌ಸ್ಟೇಬಲ್‌ನಿಂದ (ಹೊಸ್ದು ಮೊದಲು ಬರೋ ಜಾಗ) ಟೆಸ್ಟಿಂಗ್‌ಗೆ (ಮುಂದಿನ ರಿಲೀಸ್ ತಯಾರಾಗೋ ಜಾಗ) ಹೋಗ್ಬೇಕಂದ್ರೆ ಎಲ್ಲಾ ರಿಲೀಸ್ ಆರ್ಕಿಟೆಕ್ಚರ್‌ಗಳಲ್ಲೂ ಬಿಲ್ಡ್ ಆಗಿರ್ಬೇಕು. ಪಂಕ್ತಿ ಊಟ ಇದ್ದಂಗೆ, ಕೊನೇ ಎಲೆಯವ್ರು ಮುಗಿಸೋ ತನಕ ಯಾರೂ ಏಳಂಗಿಲ್ಲ. ಒಂದು ಕಡೆ ಬಿಲ್ಡ್ ಒಡೆದು ಅದನ್ನ ಸರಿ ಮಾಡೋರಿಲ್ಲ ಅಂದ್ರೆ ಮಿಕ್ಕೋರೆಲ್ಲ ಕಾಯ್ಬೇಕು, ಇಲ್ಲಾಂದ್ರೆ ಆ ಆರ್ಕಿಟೆಕ್ಚರಿಂದ ಆ ಪ್ಯಾಕೇಜನ್ನೇ ಕಿತ್ತಾಕ್ಬೇಕು.

ಐ386ಗೆ ಬಿಲ್ಡ್ ಮಷೀನ್ ತೊಂದ್ರೆ ಇರ್ಲಿಲ್ಲ, ಎಎಂಡಿ64 (ಮಾಮೂಲಿ 64 ಬಿಟ್ ಪಿಸಿ) ಮಷೀನಲ್ಲೇ ಆಗತ್ತೆ. ಕೊರತೆ ಇದ್ದಿದ್ದು ಜನಕ್ಕೆ. ರಿಸ್ಕ್-ವಿ ಬಳಸೋರು ಕಮ್ಮಿ, ಆದ್ರೆ ಅದಕ್ಕೆ ಕೂತು ಕೆಲ್ಸ ಮಾಡೋರು ಇದಾರೆ, ಬೋರ್ಡ್‌ಗಳೂ ಹೊಸ್ದಾಗಿ ಬರ್ತಾನೇ ಅವೆ, ವರ್ಷಗಟ್ಲೆ ಪೋರ್ಟ್ಸ್ (ಅಧಿಕೃತ ಅಲ್ಲದ ಆರ್ಕಿಟೆಕ್ಚರ್‌ಗಳ) ಅಂಗಳದಲ್ಲಿ ಇದ್ದು 2023ರಲ್ಲಿ ಆಫೀಶಿಯಲ್ ಆರ್ಕೈವ್‌ಗೆ ಬಂತು. ಹೋಗಿದ್ದು ಐ386 ಒಂದೇ ಅಲ್ಲ, ಮಿಪ್ಸ್ 32, 64 ಎರಡೂ 13ರಲ್ಲಿ ಇಲ್ಲ.

ಚಿಂತಾಮಣಿ_ಕಂಪೈಲರ್:
ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಬರೀ ಜನ ಇಲ್ಲ ಅಂತಲ್ಲ, 32 ಬಿಟ್ಟೇ ಉಸಿರು ಕಟ್ತಿದೆ. ಒಂದು ಪ್ರೋಸೆಸ್‌ಗೆ ಸಿಗೋದು 4 ಜಿಬಿ ಅಡ್ರೆಸ್ ಸ್ಪೇಸು, 32 ಬಿಟ್ ಕರ್ನಲ್ ಮೇಲಾದ್ರೆ ಅದ್ರಲ್ಲಿ 3 ಜಿಬಿ ಮಾತ್ರ. ಬ್ರೌಸರ್ ಲಿಂಕ್ ಮಾಡೋವಾಗ ಅದು ಸಾಲಲ್ಲ, ನೀನು ಎಷ್ಟೇ ರ‍್ಯಾಮ್ ಹಾಕು.

ಇನ್ನೊಂದು ತಲೆನೋವು ಯಾರೂ ಹೇಳಲ್ಲ, ಫ್ಲೋಟಿಂಗ್ ಪಾಯಿಂಟು. 12ರ ತನಕ ಡೆಬಿಯನ್ ಐ386 ಬೇಸ್‌ಲೈನಲ್ಲಿ (ಕನಿಷ್ಠ ಇರ್ಲೇಬೇಕಾದ ಪ್ರೊಸೆಸರ್ ಮಟ್ಟದಲ್ಲಿ) ಎಸ್‌ಎಸ್‌ಇ2 ಅನ್ನೋ ಹೊಸ ಲೆಕ್ಕದ ಸೌಲಭ್ಯ ಇರತ್ತೆ ಅಂತ ಗ್ಯಾರಂಟಿ ಇರ್ಲಿಲ್ಲ, ಅದಕ್ಕೆ ಕಂಪೈಲರ್ರು ಹಳೇ ಎಕ್ಸ್87 ಯೂನಿಟ್‌ಗೆ ಕೋಡ್ ಹಾಕ್ತಿತ್ತು. ಅದ್ರ ರಿಜಿಸ್ಟರ್ರು 80 ಬಿಟ್. ಒಂದು ಡಬಲ್ ವ್ಯಾಲ್ಯೂ ರಿಜಿಸ್ಟರಲ್ಲಿ ಇರೋವಾಗ 80 ಬಿಟ್ಟು, ಮೆಮೊರಿಗೆ ಬರೆದು ವಾಪಸ್ ತಂದ್ರೆ 64 ಬಿಟ್ಟು, ಎರಡನ್ನೂ ಕಂಪೇರ್ ಮಾಡಿದ್ರೆ ಸಮ ಬರಲ್ಲ! ಬೇರೆಲ್ಲಾ ಕಡೆ ಪಾಸ್ ಆಗೋ ಟೆಸ್ಟು ಇಲ್ಲಿ ಮಾತ್ರ ಫೇಲ್. ಬಗ್ ಕಳಿಸಿದ್ರೆ ಅಪ್‌ಸ್ಟ್ರೀಮ್‌ನೋರು (ಆ ಪ್ರೋಗ್ರಾಂ ಮೂಲದಲ್ಲಿ ಬರೆಯೋರು) 32 ಬಿಟ್ ನಾವು ನೋಡಲ್ಲ ಅಂತ ಕ್ಲೋಸ್ ಮಾಡ್ತಾರೆ. ಈ ಥರ ಬಗ್‌ನ ಬಿಟ್ಟಿ ಸಮಯದಲ್ಲಿ ರಾತ್ರಿ ಕೂತು ಹುಡುಕೋರು ಯಾರು ಹೇಳು. ನನ್ನ ಕೇಳಿದ್ರೆ ಇನ್ನೂ ಮುಂಚೇನೇ ತೆಗೀಬೇಕಿತ್ತು. ಬೇರೆ ಲಿನಕ್ಸ್‌ಗಳನ್ನ ನೋಡು, ಉಬುಂಟು 19.10ರಲ್ಲೇ ಕೈ ಬಿಡ್ತು, ಫೆಡೋರಾ 31ರಲ್ಲಿ ಕರ್ನಲ್ ನಿಲ್ಲಿಸ್ತು, ಆರ್ಚ್ 2017ರಲ್ಲೇ.

ಶಿರಾಗೇಟ್_ಹುಡ್ಗ:
ಮುಂಚೇನೇ ತೆಗೀಬೇಕಿತ್ತು ಅನ್ನೋದು ಹೊಸ ಲ್ಯಾಪ್‌ಟಾಪ್ ಇರೋರ ಮಾತು ಕಣಣ್ಣ. ಪಾಪ್‌ಕಾನ್‌ನಲ್ಲಿ (ಏನೇನು ಬಳಸ್ತಾರೆ ಅಂತ ನೆಟ್ ಮೂಲಕ ಎಣಿಸೋ ಡೆಬಿಯನ್ ಸರ್ವೆ) ನಮ್ಮ ಲ್ಯಾಬ್ ಲೆಕ್ಕಕ್ಕೇ ಬರಲ್ಲ, ನೆಟ್ಟೇ ಇಲ್ಲ ಅಲ್ಲಿ. ಇಂಥ ಲ್ಯಾಬ್‌ಗಳು ಎಷ್ಟಿದಾವೋ. ಪೋರ್ಟರ್ ಇಲ್ಲ ಅನ್ನೋದು ಅರ್ಥ ಆಯ್ತು ಬಿಡಿ, ಆದ್ರೂ ಹೊಟ್ಟೆ ಉರಿಯತ್ತೆ. ಈಗ ನಾನೇನು ಮಾಡ್ಲಿ ಹೇಳಿ.

ಕೋಲಾರ್_ಕರ್ನಲ್:
ಫಸ್ಟು ಪ್ರತಿ ಮಷೀನಲ್ಲೂ ಎಲ್‌ಎಸ್‌ಸಿಪಿಯು ಕಮಾಂಡ್ ಕೊಡು. ಆಪ್-ಮೋಡ್ ಅನ್ನೋ ಸಾಲಲ್ಲಿ 32 ಜೊತೆ 64 ಅಂತಾನೂ ಬಂದ್ರೆ, ಅಥವಾ ಫ್ಲ್ಯಾಗ್ಸಲ್ಲಿ ಎಲ್‌ಎಂ ಅಂತ ಇದ್ರೆ, ಅದು 64 ಬಿಟ್ ಚಿಪ್ಪು, ಯಾರೋ 32 ಬಿಟ್ ಓಎಸ್ ಹಾಕಿ ಕೊಟ್ಟವ್ರೆ ಅಷ್ಟೆ. ಕೋರ್ 2 ಡ್ಯುಯೋ ಆದ್ರೆ ಗ್ಯಾರಂಟಿ 64. ಅವುಕ್ಕೆ ಎಎಂಡಿ64 ಫ್ರೆಶ್ ಆಗಿ ಹಾಕು, ಹೋಮ್ ಬ್ಯಾಕಪ್ ತಗೊಂಡು. ಕ್ರಾಸ್‌ಗ್ರೇಡ್ ಅಂತ ಒಂದೈತೆ, ಓಎಸ್ ಅಳಿಸದೇನೇ 32ರಿಂದ 64ಕ್ಕೆ ಬದಲಾಯಿಸೋದು, ಮಕ್ಳ ಮಷೀನ್ ಮೇಲೆ ಆ ಸರ್ಕಸ್ ಬೇಡ. 64 ಬಿಟ್ಟಲ್ಲಿ ಮೆಮೊರಿ ಸ್ವಲ್ಪ ಜಾಸ್ತಿ ತಿನ್ನತ್ತೆ, 1 ಜಿಬಿ ಇದ್ರೆ ಎಲ್‌ಎಕ್ಸ್‌ಕ್ಯೂಟಿ (ಹಗುರ ಡೆಸ್ಕ್‌ಟಾಪ್), ಝಡ್‌ರ‍್ಯಾಮ್ (ಮೆಮೊರಿನ ಕುಗ್ಗಿಸಿ ಇಡೋದು) ಹಾಕ್ಕೋ.

ಎನ್270 ಮಾತ್ರ ಅಪ್ಪಟ 32 ಬಿಟ್, ಅದನ್ನ 12ರಲ್ಲೇ ಬಿಡು. 13ಕ್ಕೆ ಅಪ್‌ಗ್ರೇಡ್ ಮಾಡ್ಲೇಬೇಡ, ರಿಲೀಸ್ ನೋಟ್ಸಲ್ಲೇ ಬೇಡ ಅಂತ ಬರೆದವ್ರೆ. ಐ386 ಪ್ಯಾಕೇಜುಗಳು ಆರ್ಕೈವಲ್ಲಿ ಇನ್ನೂ ಅವೆ, ಆದ್ರೆ ಅವು 64 ಬಿಟ್ ಮಷೀನಲ್ಲಿ ಹಳೇ ಪ್ರೋಗ್ರಾಂ ಓಡಿಸಕ್ಕೆ. ಅದಕ್ಕೇ 2038ರ ಟೈಮ್ ಸಮಸ್ಯೆಗೆ (32 ಬಿಟ್ ಸಮಯದ ಲೆಕ್ಕ ಆ ವರ್ಷ ತುಂಬಿ ತಪ್ಪೋದು) ಎಆರ್‌ಎಂ 32 ಬಿಟ್‌ನೆಲ್ಲ ರಿಪೇರಿ ಮಾಡಿದ್ರೂ ಐ386 ಮುಟ್ಟಿಲ್ಲ, ಮುಟ್ಟಿದ್ರೆ ಆ ಹಳೇ ಬೈನರಿಗಳೇ ಒಡೀತಿದ್ವು. 12ಕ್ಕೆ ಎಲ್‌ಟಿಎಸ್ (ದೀರ್ಘಾವಧಿ ಸೆಕ್ಯೂರಿಟಿ ಅಪ್‌ಡೇಟ್) 2028ರ ಜೂನ್ 30ರ ತನಕ. ಎಲ್‌ಟಿಎಸ್ ಎಲ್ಲಾ ಆರ್ಕಿಟೆಕ್ಚರ್‌ಗೂ ಬರಲ್ಲ, ವಿಕಿ ಪೇಜಲ್ಲಿ ಪಟ್ಟಿ ನೋಡ್ಕೋ.

ಚಿಂತಾಮಣಿ_ಕಂಪೈಲರ್:
ಎನ್270 ಇನ್-ಆರ್ಡರ್ ಚಿಪ್ಪು, ಅಂದ್ರೆ ಆದೇಶಗಳನ್ನ ಸಾಲಾಗೇ ಮಾಡತ್ತೆ, ಮೆಲ್ಟ್‌ಡೌನ್ ಅನ್ನೋ ಪ್ರೊಸೆಸರ್ ಭದ್ರತಾ ದೋಷದ ಭಯಾನೂ ಇಲ್ಲ ಅದಕ್ಕೆ. ನೆಟ್ ಇಲ್ಲದ ಲ್ಯಾಬಲ್ಲಿ ಇನ್ನೂ ಬೇಕಾದಷ್ಟು ದಿನ ಓಡತ್ತೆ. ಮಾತು ಖಾರ ಆಯ್ತೇನೋ, ಬೇಜಾರಾಗ್ಬೇಡ. 2028 ಆದ್ಮೇಲೂ ಆಡ್ಬೇಕಂದ್ರೆ ನೆಟ್‌ಬಿಎಸ್‌ಡಿ (ಲಿನಕ್ಸ್ ಅಲ್ಲದ ಇನ್ನೊಂದು ಓಎಸ್) ಐ386 ಟ್ರೈ ಮಾಡು, ಅವ್ರು ಇಂಥವನ್ನ ಅಷ್ಟು ಸುಲಭಕ್ಕೆ ಬಿಡಲ್ಲ.

ಶಿರಾಗೇಟ್_ಹುಡ್ಗ:
ನೋಡ್ಕೊಂಡ್ ಬಂದೆ. ಡೆಸ್ಕ್‌ಟಾಪ್‌ಗಳಲ್ಲಿ ಒಂದು ಪೆಂಟಿಯಮ್ 4 ಬಿಟ್ಟು ಮಿಕ್ಕಿದ್ದೆಲ್ಲ 64 ಬಿಟ್ಟೇ. ಈಗ ರ‍್ಯಾಮೇ ಚಿಂತೆ, ಎಲ್ಲಾ 1 ಜಿಬಿ. ಡಿಡಿಆರ್2 ಕಡ್ಡಿ ಯಾರತ್ರಾನಾದ್ರೂ ಸುಮ್ನೆ ಬಿದ್ದಿದ್ರೆ ಮೆಸೇಜ್ ಹಾಕ್ರಪ್ಪ, ಚಿಕ್ಕಬಳ್ಳಾಪುರ ಆದ್ರೂ ಪರ್ವಾಗಿಲ್ಲ, ಬಂದು ತಗೊಂಡ್ ಹೋಗ್ತೀನಿ. 800 ಮೆಗಾಹರ್ಟ್ಸ್ ಆದ್ರೆ ಒಳ್ಳೇದು, 667 ಆದ್ರೂ ನಡೆಯತ್ತೆ.