ಸಬ್‌ಮರೀನ್ ಕಟ್ಟುತ್ತಿದ್ದೇವೆ, 200 ಬಾರ್ ಸಿಲಿಂಡರಿಗೆ ಪೈಪ್ ಯಾವುದು ಹಾಕಬೇಕು?

ಬೀದರ್ ಹುಡುಗರು: ಒಬ್ಬರು ಕೂರುವಷ್ಟು ಚಿಕ್ಕ ಸಬ್‌ಮರೀನ್ ಕಟ್ಟುತ್ತಿದ್ದೇವೆ. ಕಾರಂಜಾ ಹಿನ್ನೀರಿನಲ್ಲಿ, ಪರ್ಮಿಷನ್ ಸಿಕ್ಕರೆ, 5 ಮೀಟರ್ ಆಳಕ್ಕೆ ಇಳಿಸುವ ಆಸೆ. ಒಳಗಿನ ಜಾಗ 1.2 ಘನ ಮೀಟರ್. 12 ಲೀಟರಿನ ಎರಡು ಸ್ಕೂಬಾ ಸಿಲಿಂಡರ್ ಇವೆ, ಸೀಟಿನ ಹಿಂದೆ ಇಡುವ ಪ್ಲಾನ್. ಅಲ್ಲಿಂದ ಬ್ಯಾಲಸ್ಟ್ ಟ್ಯಾಂಕಿಗೆ (ನೀರು ತುಂಬಿದರೆ ಮುಳುಗಿಸುವ, ಗಾಳಿ ತುಂಬಿದರೆ ತೇಲಿಸುವ ಟ್ಯಾಂಕ್) ಗಾಳಿ ಒಯ್ಯಲು ಮನೆ ನೀರಿನ ಸಿಪಿವಿಸಿ ಪೈಪ್ ಸಾಕಾ, ಇಲ್ಲಾ ಟ್ರ್ಯಾಕ್ಟರ್ ಹೈಡ್ರಾಲಿಕ್ ಹೋಸ್ ಬೇಕಾ?

ಗ್ಯಾಸ್ ಫಿಟ್ಟರ್, ಕಲಬುರಗಿ: ಸಿಪಿವಿಸಿ ಬೇಡವೇ ಬೇಡ ತಮ್ಮಾ. ನೀರಿನ ಪೈಪ್ ಒಡೆದರೆ ಸೋರುತ್ತದೆ, ಗಾಳಿ ತುಂಬಿದ್ದು ಒಡೆದರೆ ಚೂರುಚೂರಾಗಿ ಸಿಡಿಯುತ್ತದೆ. ಅದಿರಲಿ, 5 ಮೀಟರ್ ಆಳದಲ್ಲಿ ನೀರಿನ ಒತ್ತಡ ಬರೀ ಅರ್ಧ ಬಾರ್, ತಳ ತೆರೆದ ಟ್ಯಾಂಕಿನಿಂದ ನೀರು ತಳ್ಳಲು ಅದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಆಯ್ತು, ಹಾಗಿರುವಾಗ 200 ಬಾರನ್ನು ಪೈಪಿನುದ್ದಕ್ಕೂ ಯಾಕೆ ಓಡಿಸಬೇಕು? ಸಿಲಿಂಡರಿನ ಬಾಯಿಗೇ ಒತ್ತಡ ಇಳಿಸುವ ಸ್ಕೂಬಾ ಫಸ್ಟ್ ಸ್ಟೇಜ್ ರೆಗ್ಯುಲೇಟರ್ ಕೂರಿಸಿ. ಅಲ್ಲಿಂದಾಚೆ 10 ಬಾರ್ ಆಸುಪಾಸು. ರೆಗ್ಯುಲೇಟರ್ ಕೈಕೊಟ್ಟರೆ ಅಂತ 14 ಬಾರಿಗೆ ತೆರೆಯುವ ರಿಲೀಫ್ ವಾಲ್ವ್ ಇರಲೇಬೇಕು.

ಡೈವಿಂಗ್ ಕಲಿತವನು, ಯಾದಗಿರಿ: ಸಿಲಿಂಡರ್ ಸೀಟಿನ ಹಿಂದೆ ಯಾಕೆ? ದಯವಿಟ್ಟು ಹೊರಗೆ ಕಟ್ಟಿ. ಒಂದೇ ಸಿಲಿಂಡರ್ ತಗೊಂಡರೂ 12 ಲೀಟರ್, 200 ಬಾರ್ ಅಂದರೆ 2400 ಲೀಟರ್ ಗಾಳಿ. ಅಷ್ಟೂ ಒಳಗೇ ಸೋರಿದರೆ ನಿಮ್ಮ ಕ್ಯಾಬಿನ್ ಒತ್ತಡ 2 ಬಾರ್ ಏರುತ್ತದೆ. ಮೇಲೆ ಬಂದು 50 ಸೆಂ.ಮೀ. ಅಗಲದ ಮುಚ್ಚಳದ ಚಿಲಕ ತೆಗೆದರೆ ಅದರ ಹಿಂದೆ ಸುಮಾರು 4 ಟನ್ ಬಲ ಇರುತ್ತದೆ. ಕೂತವರ ತಲೆ ಅದರ ಕೆಳಗೇ ಇರುತ್ತದಲ್ವಾ! ರಿಲೀಫ್ ವಾಲ್ವಿನ ಗಾಳಿಯೂ ಹೊರಗೇ ಹೋಗಲಿ. ಕ್ಯಾಬಿನ್ನಿಗೆ ಒಂದು ಪ್ರೆಷರ್ ಗೇಜ್ ಬೇಕೇ ಬೇಕು.

ಬೀದರ್ ಹುಡುಗರು: ಸರ್, ಮುಚ್ಚಳದ ಲೆಕ್ಕ ನಾವು ಹಾಕಿರಲೇ ಇಲ್ಲ. ಸಿಲಿಂಡರ್ ಹೊರಗೆ ಹೋಗುತ್ತವೆ. ಹಾಗಾದರೆ 10 ಬಾರ್ ಲೈನಿಗೆ ಏನು ಹಾಕಲಿ?

ಗ್ಯಾಸ್ ಫಿಟ್ಟರ್, ಕಲಬುರಗಿ: ಎಸಿ ಮೆಕ್ಯಾನಿಕ್ ಬಳಸುವ ಕಾಲು ಇಂಚಿನ ತಾಮ್ರದ ಪೈಪ್, ಅದರ ಬಾಯಿ ಅಗಲಿಸಿ ಬಿಗಿಯುವ ಫ್ಲೇರ್ ನಟ್. ಫ್ಲೇರ್ ಜಾಯಿಂಟಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಅಲ್ಲಿ ಸೀಲ್ ಆಗುವುದು ಲೋಹಕ್ಕೆ ಲೋಹ ಕೂತು. ಎಣ್ಣೆ ಓಡಿದ ಹಳೇ ಹೈಡ್ರಾಲಿಕ್ ಹೋಸನ್ನಂತೂ ಗಾಳಿ ಲೈನಿಗೆ ಸೇರಿಸಲೇಬೇಡಿ. ಸಿಲಿಂಡರ್ ವಾಲ್ವ್ ನಿಧಾನ ತೆರೆಯಿರಿ, ಜೋರಾಗಿ ತೆರೆದರೆ ಒಳಗೆ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ, ಅಲ್ಲಿ ಎಣ್ಣೆ ಇದ್ದರೆ ಹೊತ್ತಿಕೊಳ್ಳಬಹುದು. ನಮ್ಮ ಕಡೆಯ ಮೇ ಬಿಸಿಲಿನಲ್ಲಿ ತುಂಬಿದ ಸಿಲಿಂಡರ್ ಇಡಬೇಡಿ, ಇದ್ದದ್ದಕ್ಕಿಂತ 30 ಡಿಗ್ರಿ ಹೆಚ್ಚು ಕಾದರೆ ಒತ್ತಡ 20 ಬಾರ್ ಏರುತ್ತದೆ. ಎಲ್ಲ ಜಾಯಿಂಟಿಗೂ ಸೋಪಿನ ನೀರು ಹಚ್ಚಿ, ಲೈನಿಗೆ ಗಾಳಿ ತುಂಬಿ, ಸಿಲಿಂಡರ್ ವಾಲ್ವ್ ಮುಚ್ಚಿ ಒಂದು ದಿನ ಬಿಡಿ. ಬೆಳಗಿನ ತಂಪಿಗೆ ಗೇಜಿನ ಮುಳ್ಳು ಸ್ವಲ್ಪ ಇಳಿಯುವುದು ಸಹಜ, ಮರುದಿನ ಅದೇ ಹೊತ್ತಿಗೆ ಓದಿ ಹೋಲಿಸಿ.