ಅಪ್‌ಡೇಟ್: ಸಿಎಸ್‌ವಿ ಫೈಲ್‌ನ ‘ಹೆಸರು’ ಕಾಲಂ ಸಿಕ್ಕಿತು

ಪೈಥಾನ್‌ನಲ್ಲಿ ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಫೈಲ್) ಓದುವಾಗ ಮೊದಲ ಕಾಲಂ ‘ಹೆಸರು’ಗೆ ಮಾತ್ರ ಕೀ ಎರರ್ (ಆ ಹೆಸರಿನ ಕಾಲಂ ಇಲ್ಲ ಎಂಬ ದೋಷ) ಬರುತ್ತಿದೆ, ಉಳಿದವೆಲ್ಲ ಸರಿಯಾಗಿವೆ ಎಂದು ಕೇಳಿದ್ದೆ. ಈಗ ಸರಿಹೋಯಿತು. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಫೈಲನ್ನು ಬೈಟ್‌ಗಳಾಗಿಯೇ ತೆರೆದು ನೋಡಿ ಎಂದಿದ್ದರಲ್ಲ, ಅದೇ ದಾರಿ ತೋರಿಸಿತು. ಮೊದಲ ಮೂರು ಬೈಟ್ ಇಎಫ್, ಬಿಬಿ, ಬಿಎಫ್. ಅಂದರೆ ಬಿಒಎಂ (ಬೈಟ್ ಆರ್ಡರ್ ಮಾರ್ಕ್), ಫೈಲಿನ ಎನ್‌ಕೋಡಿಂಗ್ ತಿಳಿಸುವ ಒಂದು ಗುರುತು. ಸ್ಪ್ರೆಡ್‌ಶೀಟ್‌ನಿಂದ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಒಂದು ಎನ್‌ಕೋಡಿಂಗ್) ಸಿಎಸ್‌ವಿ ಆಗಿ ಸೇವ್ ಮಾಡಿದಾಗ ಎಷ್ಟೋ ಸಲ ಈ ಗುರುತು ಫೈಲಿನ ಶುರುವಿನಲ್ಲಿ ಸೇರಿಕೊಳ್ಳುತ್ತದೆ. ಪ್ರಿಂಟ್ ಮಾಡಿದರೂ ಕಣ್ಣಿಗೆ ಕಾಣಲ್ಲ. ಆದರೆ ಮೊದಲ ಕಾಲಂನ ಹೆಸರಿಗೆ ಅಂಟಿಕೊಂಡಿರುತ್ತದೆ, ಹಾಗಾಗಿ ಬರೀ ‘ಹೆಸರು’ ಎಂದು ಹುಡುಕಿದರೆ ಸಿಗಲ್ಲ.

ಅದಾದ ಮೇಲಿನ ಬೈಟ್‌ಗಳನ್ನೂ ನೋಡಿದೆ. ತುಂಬಾ ಖುಷಿಯಾಯಿತು! ‘ಹೆಸರು’ ಎಂಬುದಕ್ಕೆ 15 ಬೈಟ್: ಹ, ಎತ್ವ, ಸ, ರ, ಕೊಂಬು, ತಲಾ 3. ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತದ ಗುರುತೂ ಇ0 ಬಿ2 ಅಥವಾ ಇ0 ಬಿ3 ಎಂದೇ ಶುರುವಾಗುತ್ತದೆ.

ಪರಿಹಾರ ಸುಲಭ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ (utf-8-sig) ಎಂದು ಕೊಡಿ. ಗುರುತಿದ್ದರೆ ಬಿಟ್ಟು ಓದುತ್ತದೆ, ಇಲ್ಲದಿದ್ದರೂ ತಕರಾರಿಲ್ಲ. ಲ್ಯಾಟಿನ್-1 (ಪಶ್ಚಿಮ ಯುರೋಪಿನ ಭಾಷೆಗಳ ಎನ್‌ಕೋಡಿಂಗ್) ಹಾಕಿ ಎಂಬ ಸಲಹೆಯೂ ಬಂದಿತ್ತು. ದಯವಿಟ್ಟು ಬೇಡ. ಅದರಲ್ಲಿ ಡಿಕೋಡ್ ಎರರ್ ಬರುವುದೇ ಇಲ್ಲ, ಕನ್ನಡ ಮಾತ್ರ ಪೂರ್ತಿ ಕೆಟ್ಟುಹೋಗುತ್ತದೆ.